ಬಾಗಿಲು ತೆಗೆಯುವ ಮಾವ

ನಮ್ಮ ಮಾವನ ಎದುರಿಗೆ ಯಾರೂ ‘ಬಾಗಿಲು ತೆಗೆ’ ಅನ್ನಬಾರದು. ಅಂದರೆ ತೆಗೆದುಬಿಡುತ್ತಾನೆ! ತೆಗೆದು, ಎರಡೂ ಕೈಯಲ್ಲಿ ಎತ್ತಿ, ನಿಮ್ಮ ಕೈಗೇ ಕೊಟ್ಟು, “ಹಿಡೀರಿ” ಅನ್ನುತ್ತಾನೆ.

ಇದು ಕನ್ನಡದ ತಪ್ಪೋ ಮಾವನ ತಪ್ಪೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ನೀವೇ ನೋಡಿ, ಬಾಗಿಲು ತೆರೆಯುವುದಕ್ಕೂ ನಾವು ‘ತೆಗೆ’ ಅನ್ನುತ್ತೇವೆ, ಅಕ್ಕಿಯೊಳಗಿನ ಕಲ್ಲು ತೆಗೆಯುವುದಕ್ಕೂ ‘ತೆಗೆ’ ಅನ್ನುತ್ತೇವೆ. ಬಾಗಿಲು ಮುಚ್ಚುವುದಕ್ಕೆ ‘ಹಾಕು’, ಅಂಗಿಗೆ ಗುಂಡಿ ಹಾಕುವುದಕ್ಕೂ ‘ಹಾಕು’. ಹುಟ್ಟಿದಾಗಿನಿಂದ ಎಲ್ಲರೂ ಹೀಗೇ ಮಾತಾಡಿಕೊಂಡು ಬಂದಿದ್ದೇವೆ, ಯಾರ ಮನೆಯ ಬಾಗಿಲೂ ಕಳಚಿ ಬಿದ್ದಿಲ್ಲ. ತೊಂದರೆ ಶುರುವಾದದ್ದು ಮಾವನ ಜೀಪಿನ ಬಾಗಿಲು ಕ್ಷಣಮಾತ್ರದಲ್ಲಿ ಕಳಚಿ ಬರುವ ವಿದ್ಯೆ ಕಲಿತ ಮೇಲೆ.

ಮಾವ ಎಂದರೆ ನಮ್ಮ ಅವ್ವನ ಒಬ್ಬನೇ ತಮ್ಮ. ಊರು ತಿಕೋಟಾ. ದ್ರಾಕ್ಷಿ ತೋಟವಿದೆ, ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಶೆಡ್ಡಿದೆ, ತಲೆಯೊಳಗೆ ಮಾತ್ರ ಹಗಲೆಲ್ಲ ಒಂದು ಗ್ಯಾರೇಜು ನಡೆದಿರುತ್ತದೆ. ಯಾವ ವಸ್ತುವೂ ಇದ್ದ ಹಾಗೇ ಇದ್ದರೆ ಅವನಿಗೆ ಸಂಕಟ. ಒಮ್ಮೆ ಒಣಗಿದ ಮಣೂಕದ ಕಡ್ಡಿ ಕಸ ಹಾರಿಸಲೆಂದು ಒಂದು ದೊಡ್ಡ ಪಂಕಾ ಮಾಡಿದ. ಗುಂಡಿ ಒತ್ತಿದರೂ ಕಡ್ಡಿ ಕದಲಲಿಲ್ಲ. ಅತ್ತೆ ಅಂಗಳದಲ್ಲಿ ಒಣಹಾಕಿದ್ದ ಹಪ್ಪಳಗಳು ಮಾತ್ರ ಸಾಲಾಗಿ ಎದ್ದು ಪಕ್ಕದ ಮನೆಯ ಮಾಳಿಗೆ ಸೇರಿದವು. ಆ ಮನೆಯವರು ನಾಲ್ಕು ದಿನ ನಮ್ಮ ಹಪ್ಪಳ ಕರಿದು ತಿಂದು, “ಚೊಲೋ ಆಗ್ಯಾವ್ರಿ” ಎಂದು ಅತ್ತೆಗೇ ಹೇಳಿದರು! ಮಾವ ಸೋಲೊಪ್ಪುವ ಪೈಕಿಯೇ?

“ಪಂಕಾದ್ದೇನ್ ತಪ್ಪಿಲ್ಲ. ಅಕಿ ಹಪ್ಪಳಾನ ಭಾಳ ತೆಳ್ಳಗ ಮಾಡ್ಯಾಳ” ಎಂದ.

ಇಂಥ ಮಾವನ ಜೀವದ ಗೆಳೆಯ ಒಂದು ಹಳೆಯ ಜೀಪು. ಅದಕ್ಕೆ ರಸ್ತೆಗಿಂತ ರಸ್ತೆ ಇಲ್ಲದ ಕಡೆಯೇ ಸಲೀಸು. ಮಳೆ ಬಿದ್ದ ಎರೆಮಣ್ಣಿನಲ್ಲಿ ಟ್ರ್ಯಾಕ್ಟರು ಹೂತು ಕೂತಾಗ ಈ ಜೀಪು ಹೋಗಿ ಎಳೆದು ತರುತ್ತದೆ. ಹಳ್ಳ ದಾಟುತ್ತದೆ, ಬದು ಹತ್ತುತ್ತದೆ, ವಿಜಯಪುರದ ಡಾಂಬರು ರಸ್ತೆಗೆ ಬಂದಾಗ ಮಾತ್ರ ಕೆಮ್ಮಲು ಶುರುಮಾಡುತ್ತದೆ. “ಸಿಟಿ ಹವಾ ಅದಕ್ಕ ಆಗಿಬರಂಗಿಲ್ಲ” ಎಂದು ಮಾವನ ಸಮಜಾಯಿಷಿ.

ಈ ಜೀಪು ವರ್ಷಕ್ಕೊಮ್ಮೆ ತಪ್ಪದೆ ಗೋಳಗುಮ್ಮಟದ ಹಿಂದಿನ ನಮ್ಮ ಓಣಿಗೆ ಬರುತ್ತಿತ್ತು. ನಾಗರ ಪಂಚಮಿಗೆ. ಅವ್ವನನ್ನು ತವರಿಗೆ ಕರೆದೊಯ್ಯಲು.

ಅವ್ವನಿಗೆ ದೀಪಾವಳಿ ತಪ್ಪಿದರೆ ನಡೆದೀತು, ಯುಗಾದಿ ತಪ್ಪಿದರೂ ನಡೆದೀತು, ಪಂಚಮಿ ತಪ್ಪುವಂತಿಲ್ಲ. ಯಾಕೆಂದರೆ ಅವಳ ಜೊತೆ ಆಡಿ ಬೆಳೆದ ಗೆಳತಿಯರು, ಕನಮಡಿಗೆ ಕೊಟ್ಟವಳೊಬ್ಬಳು, ಅರಕೇರಿಗೆ ಕೊಟ್ಟವಳೊಬ್ಬಳು, ಗಡಿಯಾಚೆ ಮಹಾರಾಷ್ಟ್ರಕ್ಕೆ ಹೋದವಳೊಬ್ಬಳು, ಎಲ್ಲರೂ ತಿಕೋಟಾಕ್ಕೆ ಬಂದು ಕೂಡುವುದು ಆಗ ಮಾತ್ರ. ಮಾವನ ಮನೆಯ ಮುಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿರುತ್ತಾರೆ. ಅದರ ಕೆಳಗೆ ಕೂತು ಶೇಂಗಾ ಉಂಡಿ, ಜೋಳದ ಅಳ್ಳು, ತಂಬಿಟ್ಟು ತಿನ್ನುತ್ತ, ಅವರವರ ಗಂಡಂದಿರನ್ನು ಸರದಿಯ ಮೇಲೆ ಆಡಿಕೊಂಡು ನಗುವುದೇ ಕಾರ್ಯಕ್ರಮ. ನಮ್ಮ ಅಪ್ಪನ ಸರದಿ ಯಾವಾಗಲೂ ಮೊದಲು. ಅಪ್ಪ ಹೋಗಿ ಏಳು ವರ್ಷವಾದರೂ ಅವನ ಸರದಿ ತಪ್ಪಿಲ್ಲವಂತೆ.

ಎರಡು ವರ್ಷದ ಹಿಂದೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ರಾಡು ಹಾಕಿದರು. ಎಲುಬು ಕೂಡಿತು, ಆದರೆ ಮೊಣಕಾಲು ಮಡಚುವುದನ್ನು ಮರೆತುಬಿಟ್ಟಿತು. ಕಾಲು ನೆಟ್ಟಗೆ ಹಾರೆಯ ಹಾಗೆ. ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾಳೆ, ಅಡುಗೆಮನೆಯಲ್ಲಿ ನಿಂತು ನನ್ನ ಹೆಂಡತಿಗೆ ಸಲಹೆ ಕೊಡುತ್ತಾಳೆ, ನಾಲಿಗೆಗೇನೂ ಪೆಟ್ಟು ಬಿದ್ದಿಲ್ಲ.

ಆ ವರ್ಷದ ಪಂಚಮಿಗೆ ಮಾವ ಬಂದ. ಜೀಪು ಎತ್ತರ, ಅದರ ಬಾಗಿಲು ಇಕ್ಕಟ್ಟು, ನನ್ನ ಕಾರಿನಲ್ಲೇ ಹೋಗೋಣ ಎಂದೆವು. ಅವ್ವ ಬೆನ್ನು ಮಾಡಿ ಸೀಟಿನ ಮೇಲೆ ಕೂತಳು. ಇನ್ನು ಕಾಲು ಒಳಗೆ ಬರಬೇಕು. ಮಡಚದ ಕಾಲು ಬಾಗಿಲಿಗೆ ತಗುಲುತ್ತದೆ. ಬಾಗಿಲೋ ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಒಳಗೆ ಬರಲಿಲ್ಲ, ಹೊರಗೆ ಹೋಗಲೂ ಬರಲಿಲ್ಲ. ನೋಡನೋಡುತ್ತ ಓಣಿಯೇ ಬಂದು ನಿಂತಿತು!

“ಹಿಂದಿಂದ ಎಳೀರಿ!”

“ಎಳಿಬ್ಯಾಡ್ರಿ, ಕಾಲ ಮ್ಯಾಲ ಎತ್ರಿ!”

“ಸೀಟ ಬಿಚ್ರಿ ಮದ್ಲ!”

ನಮ್ಮ ಓಣಿಯಲ್ಲಿ ಇಷ್ಟು ಜನ ಪರಿಣತರಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಒಬ್ಬ ಮಹಾಶಯ ಮೊಬೈಲು ತೆಗೆದು ಚಿತ್ರೀಕರಣವನ್ನೂ ಆರಂಭಿಸಿದ. ಅವ್ವ, ಇಡೀ ಓಣಿಗೆ ತಿರುಗಿ ಉತ್ತರ ಕೊಡಬಲ್ಲ ಅವ್ವ, ಸೆರಗು ಎಳೆದು ಮುಖಕ್ಕೆ ಹಾಕಿಕೊಂಡಳು. ಹೇಗೋ ಇಳಿಸಿ ಒಳಗೆ ಕರೆತಂದ ಮೇಲೆ ಗೋಡೆ ನೋಡುತ್ತ ಹೇಳಿದಳು: “ಇನ್ನ ನಾ ಎಲ್ಲಿಗೂ ಬರಂಗಿಲ್ಲ. ನಾ ಏನ್ ಮಾಲಿನ ಚೀಲ ಅಲ್ಲ, ನಾಕ ಮಂದಿ ಕೂಡಿ ಹೇರಾಕ, ನಲವತ್ತ ಮಂದಿ ನಿಂತ ನೋಡಾಕ.”

ದೊಡ್ಡ ಗಾಡಿ ತರಿಸೋಣ, ಮಲಗಿಸಿಕೊಂಡು ಹೋಗುವಂಥದ್ದು ಎಂದೆ ನಾನು.

“ದವಾಖಾನಿ ಗಾಡ್ಯಾಗ ತವರಿಗೆ ಹೋಗ್ಲೇನ? ನನ್ನ ಗೆಳತ್ಯಾರು ಜೋಕಾಲಿ ಬಿಟ್ಟು ಅಳಾಕ ಕೂಡ್ತಾರ!”

ಆಗ ಮಾವ ಏನು ಮಾಡುತ್ತಿದ್ದ ಗೊತ್ತೇ? ಹೊರಗೆ ನಿಂತು ನನ್ನ ಕಾರಿನ ಬಾಗಿಲನ್ನು ತೆರೆಯುತ್ತಿದ್ದ, ಹಾಕುತ್ತಿದ್ದ, ಬಗ್ಗಿ ನೋಡುತ್ತಿದ್ದ, ಮತ್ತೆ ತೆರೆಯುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಒಡಹುಟ್ಟಿದ ಅಕ್ಕ ಒಳಗೆ ಅಳುತ್ತಿದ್ದಾಳೆ, ಈ ಮನುಷ್ಯ ಕಾರಿನ ಬಾಗಿಲ ಪರೀಕ್ಷೆ ಮಾಡುತ್ತಿದ್ದಾನೆ!

ಅದಾದ ತಿಂಗಳೊಪ್ಪತ್ತಿನಲ್ಲೇ ಮಾವನಿಗೆ ಬಾಗಿಲ ಹುಚ್ಚು ಹಿಡಿಯಿತು.

ಮೊದಲು ಜೀಪಿನ ಎಡಗಡೆಯ ಬಾಗಿಲು ಬಿಚ್ಚಲು ಕೂತ. ಬಾಗಿಲನ್ನು ಗಾಡಿಗೆ ಹಿಡಿದಿಡುವ ಬಿಜಾಗರಿಯ ಬೋಲ್ಟುಗಳು ತುಕ್ಕು ಹಿಡಿದು ಒಂದೇ ಮೈ ಆಗಿದ್ದವು. ತಿರುಗಿಸುವ ಪಾನಾ ಎರಡು ಮುರಿದವು, ಮಾವನ ಒಂದು ಉಗುರು ಕಪ್ಪಾಯಿತು, ಅತ್ತೆಯ ಅಡುಗೆಮನೆಯ ಎಣ್ಣೆ ಅರ್ಧ ಬಾಟಲಿ ಬೋಲ್ಟಿಗೆ ಹೋಯಿತು. ಬೆಳಿಗ್ಗೆ ಕೂತವನು ಸಂಜೆ ಎದ್ದ. ಬಿಚ್ಚಿದ್ದನ್ನು ಮರಳಿ ಕೂರಿಸಲು ಮರುದಿನ ನಾಲ್ಕು ಆಳು ಬೇಕಾದರು. ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದು ಸುಮ್ಮನಾಗುತ್ತಿದ್ದರು. ಮಾವ ಜೀಪು ಹತ್ತಿ ವಿಜಯಪುರದ ಲೇತ್ ಮಿಸ್ತ್ರಿಯ ಬಳಿಗೆ ಬಂದ.

ಈ ಮಿಸ್ತ್ರಿ ಚಾಚಾನ ಅಂಗಡಿ ನಮ್ಮ ಮನೆಗೆ ಕೂಗಳತೆ. ಬಿಳಿ ಗಡ್ಡ, ಎಣ್ಣೆ ಕುಡಿದ ಟೊಪ್ಪಿಗೆ, ಕಬ್ಬಿಣವನ್ನು ಮುಟ್ಟಿ ನೋಡಿ ಅದರ ಯೋಗ್ಯತೆ ಹೇಳುವ ಮನುಷ್ಯ. ಮಾವನ ಬೇಡಿಕೆ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡ.

“ಗೌಡ್ರ, ನಲವತ್ತ ವರ್ಷ ಆತ್ರಿ ಈ ದಂಧೇದಾಗ. ಮಂದಿ ಬಾಗಲಾ ಬಿಗಿ ಮಾಡ್ಸಾಕ ಬರ್ತಾರ. ಬಾಗಲಾ ಉದರಂಗ ಮಾಡಿಕೊಡು ಅಂತ ಬಂದಾವ್ರು ನೀವ ಮದಲ್ನೇದವ್ರು.”

“ಉದರಬಾರ್ದು ಚಾಚಾ. ನಾ ಹೋಗಂದ್ರ ಹೋಗಬೇಕು, ಬಾ ಅಂದ್ರ ಬರಬೇಕು.”

“ನನ್ನ ಮನ್ಯಾಗಿನ ಮಂದೀನ ನನ್ನ ಮಾತ ಹಂಗ ಕೇಳಂಗಿಲ್ರಿ. ಇನ್ನ ಬಾಗಲಾ ಕೇಳ್ತೈತೇನ್ರಿ?”

“ಮನ್ಯಾಗಿನವ್ರಿಗೆ ಗ್ರೀಸ್ ಹಚ್ಚಾಕ ಬರಂಗಿಲ್ಲ, ಚಾಚಾ. ಬಾಗಲಕ್ಕ ಬರ್ತೈತಿ.”

ಅಂದಿನಿಂದ ಅವರಿಬ್ಬರೂ ಜೊತೆಯಾದರು. ಮಾವ ವಾರಕ್ಕೆ ಎರಡು ಸಲ ವಿಜಯಪುರಕ್ಕೆ ಬರುತ್ತಿದ್ದ. ಅವ್ವನನ್ನು ಮಾತಾಡಿಸಿ, ಚಹಾ ಕುಡಿದು, ನೇರ ಲೇತಿಗೆ. ಹಳೆಯ ಬೋಲ್ಟು ಹೋದವು. ಗಾಡಿಯ ಮೈಯಲ್ಲಿ ಮೇಲ್ಮುಖವಾಗಿ ನಿಂತ ಎರಡು ಪಿನ್ನು ಬಂದವು; ಬಾಗಿಲನ್ನು ಅವುಗಳ ಮೇಲೆ ಇಳಿಸಿದರೆ ಕೂತಿತು, ಎತ್ತಿದರೆ ಬಂತು. ಗುಂಡಿ ಬಿದ್ದ ಹಾದಿಯಲ್ಲಿ ಎಗರಿ ಹೋಗದಂತೆ ಟ್ರಾಲಿಗೆ ಹಾಕುವಂಥ ಒಂದು ಕೊಂಡಿ. ಬಾಗಿಲಿಗೆ ಅಂಟಿಕೊಂಡಿದ್ದ ಕನ್ನಡಿ ಕಿತ್ತು ಮುಂದಿನ ಗಾಜಿನ ಚೌಕಟ್ಟಿಗೆ ಹೋಯಿತು. ಎತ್ತುವುದೇನೋ ಸುಲಭವಾಯಿತು, ಮರಳಿ ಕೂರಿಸುವುದು ಮಾತ್ರ ಫಜೀತಿ. ಮೇಲಿನ ತೂತು ಸಿಕ್ಕರೆ ಕೆಳಗಿನದು ತಪ್ಪುತ್ತದೆ, ಕೆಳಗಿನದು ಸಿಕ್ಕರೆ ಮೇಲಿನದು. ಒಬ್ಬ ಹಿಡಿಯಬೇಕು, ಒಬ್ಬ ಬಗ್ಗಿ ನೋಡಬೇಕು, ಇಬ್ಬರೂ ಜಗಳಾಡಬೇಕು.

ಹೀಗೇ ತಿಂಗಳುಗಳು ಉರುಳಿದವು. ಎರಡನೆಯ ಪಂಚಮಿ ಬಂತು. ಮಾವ ಬಂದ, ಉಂಡಿ ಡಬ್ಬಿ ಕೊಟ್ಟ, ಅವ್ವನ ಎದುರು ತಾಸೊತ್ತು ಕೂತ, ಹೋದ. “ಬರತೀಯೇನ ಅಕ್ಕಾ” ಎಂದು ಸಹ ಕೇಳಲಿಲ್ಲ. ಅವ್ವ ಕೂಡ ಡಬ್ಬಿ ತೆರೆಯಲಿಲ್ಲ. ಉಂಡಿಗಳನ್ನು ನಾವೇ ತಿಂದೆವು, ಅವ್ವ ಒಂದನ್ನೂ ಮುಟ್ಟಲಿಲ್ಲ.

ಅದಾದ ಮೇಲೆ ಯಾರೋ ಹೊಲದಲ್ಲಿ ಎತ್ತು ಹೂಡುವುದನ್ನು ನೋಡುತ್ತ ನಿಂತ ಮಾವನಿಗೆ ದಾರಿ ಹೊಳೆಯಿತು. ಎರಡೆತ್ತನ್ನೂ ಒಮ್ಮೆಗೇ ನೊಗಕ್ಕೆ ತರುತ್ತಾರೇನು? ಒಂದನ್ನು ತಂದು ನಿಲ್ಲಿಸುತ್ತಾರೆ, ಆಮೇಲೆ ಇನ್ನೊಂದು. ಅಲ್ಲಿಂದಲೇ ಓಡಿಬಂದು ಚಾಚಾನಿಂದ ಕೆಳಗಿನ ಪಿನ್ನನ್ನು ಬೆರಳಗಲ ಉದ್ದ ಮಾಡಿಸಿದ. ಮೊದಲು ಕೆಳಗಿನದು ಹಿಡಿಯುತ್ತದೆ, ಬಾಗಿಲು ಅದರ ಮೇಲೆ ನಿಂತುಕೊಳ್ಳುತ್ತದೆ, ಮೇಲಿನದು ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ. ಒಬ್ಬನೇ ಮನುಷ್ಯ ಸಾಕು! ಚಾಚಾ ಪಿನ್ನಿಗೆ ಮುತ್ತಿಡುವುದೊಂದು ಬಾಕಿ. ಬೆರಳಗಲದ ಕಬ್ಬಿಣದಲ್ಲಿ ಇಷ್ಟು ಬುದ್ಧಿ ಇರಬಹುದೆಂದು ನಾನೂ ಎಣಿಸಿರಲಿಲ್ಲ. ನಕ್ಕಿದ್ದೆನಾದರೂ ಒಳಗೊಳಗೇ ತಲೆದೂಗಿದೆ.

ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಚಾಚಾನಿಗೆ, “ದ್ರಾಕ್ಷಿ ಬಾಕ್ಸ್ ಹೇರಾಕ ಅಡ್ಡ ಬರ್ತೈತಿ.” ನನಗೆ, “ಗಾಳಿ ಚೊಲೋ ಬರ್ತೈತಿ.” ಬಬಲೇಶ್ವರದ ಬೀಗರಿಗೆ, “ಗಾಡಿ ಹಗರ ಆಗಿ ಎವರೇಜ್ ಕೊಡ್ತೈತಿ.” ಇಷ್ಟೊಂದು ಕಾರಣವಿರುವ ಮನುಷ್ಯನ ಬಳಿ ನಿಜವಾದ ಕಾರಣವೇ ಇಲ್ಲವೆಂದು ನಾನು ತಿಳಿದೆ. ಎಂಥ ಜಾಣ ನಾನು!

ಬಬಲೇಶ್ವರದ ಬೀಗರೆಂದರೆ ಅತ್ತೆಯ ತವರಿನವರು. ಒಂದು ಬೇಸಗೆಯಲ್ಲಿ ಅಲ್ಲಿಗೆ ಹೋದ ಮಾವ, ಹೆಣ್ಣು ಕೊಟ್ಟ ಮಾವನವರಿಗೆ ತನ್ನ ವಿದ್ಯೆ ತೋರಿಸಲೆಂದು ಬಾಗಿಲು ತೆಗೆದು ಗೋಡೆಗೆ ಒರಗಿಸಿದ. ಎಲ್ಲರೂ ಶಹಬ್ಬಾಸ್ ಎಂದರು. ಆ ಖುಷಿಯಲ್ಲಿ ಊಟ ಮಾಡಿ, ಎಲೆ ಅಡಿಕೆ ಹಾಕಿ, ಜೀಪು ಹತ್ತಿ ಹೊರಟೇ ಬಿಟ್ಟ. ಅರ್ಧ ದಾರಿಯಲ್ಲಿ ಅತ್ತೆ, “ಯಾಕೋ ಗಾಳಿ ಭಾಳ ಬರಾಕತ್ತೈತ್ರಿ” ಎಂದಳಂತೆ.

“ಬ್ಯಾಸಗಿ ಗಾಳಿ. ಬರ್ಲಿ ಬಿಡು.”

“ಬಾಗಲಾ ಎಲ್ಲೈತ್ರಿ?”

ತಿರುಗಿ ಹೋಗಿ ನೋಡಿದರೆ ಮಾವನ ಅತ್ತೆಯವರು ಆ ಬಾಗಿಲನ್ನು ನಾಲ್ಕು ಕಲ್ಲಿನ ಮೇಲೆ ಅಡ್ಡ ಮಲಗಿಸಿ, ಮೇಲೆ ಒದ್ದೆ ಬಟ್ಟೆ ಹಾಸಿ, ಸಾಲುಸಾಲಾಗಿ ಕುರಡಿಗೆ ಸಂಡಿಗೆ ಒತ್ತಿ ಒಣಗಲು ಬಿಟ್ಟಿದ್ದರು. ಬೀಗರ ಮನೆ, ಏನು ಹೇಳುವುದು? “ಅಳ್ಯಾರ, ಒಣಗೂತನಾ ತಡೀರಿ” ಎಂದು ಅವರು ಚಾಪೆ ಹಾಸಿಕೊಟ್ಟರು. ಮಾವ ಸಂಜೆಯವರೆಗೆ ತನ್ನ ಬಾಗಿಲಿಗೆ ಕೂತ ಕಾಗೆ ಓಡಿಸಿದ.

ಪೊಲೀಸಪ್ಪನ ಪ್ರಸಂಗಕ್ಕೆ ನಾನೇ ಸಾಕ್ಷಿ. ತಿಕೋಟಾದಿಂದ ಬರುವಾಗ ಊರ ಹೊರಗೆ ಗಾಡಿ ತಪಾಸಣೆ ನಡೆದಿತ್ತು. ಕಾನ್ಸ್ಟೇಬಲ್ಲರೊಬ್ಬರು ಕೋಲು ಅಡ್ಡ ಹಿಡಿದು ಜೀಪಿನ ಎಡಗಡೆಗೆ ಬಂದರು.

“ಬಾಗಲಾ ತಗೀರಿ.”

ಮಾವನ ಕಣ್ಣು ಅರಳಿದವು, ಇಳಿದು ಎಡಗಡೆಗೆ ಸುತ್ತಿ ಬಂದ. “ಖರೇನ ತಗೀಲ್ರಿ?”

“ತಗೀರಿ ಅಂದ್ರ ತಗೀಬೇಕು!”

ಟಕ್, ಹುಪ್ಪಾ! ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಾಗಿಲು ಕಾನ್ಸ್ಟೇಬಲ್ಲರ ತೋಳಿನಲ್ಲಿತ್ತು. ಅವರು ಒಮ್ಮೆ ಬಾಗಿಲು ನೋಡಿದರು, ಒಮ್ಮೆ ಜೀಪು ನೋಡಿದರು.

“ಏನ್ರೀ ಇದು?”

“ಬಾಗಲಾರಿ.”

“ಅದ ಗೊತ್ತೈತ್ರಿ! ನನ್ನ ಕೈಯಾಗ ಯಾಕ ಬಂತು?”

“ನೀವ ತಗೀ ಅಂದ್ರಿ.”

“ಮದ್ಲ ಗಾಡಿ ಕಾಗದ ತೋರ್ಸ್ರಿ!”

“ನಿಮ್ಮ ಕೈಯಾಗ ಅದಾವಲ್ರಿ. ಬಾಗಲದ ಕಿಸೇದಾಗ.”

ಆ ಪುಣ್ಯಾತ್ಮರು ನಕ್ಕುಬಿಟ್ಟರು. ಕಾಗದ ನೋಡುವುದು ಹಾಗಿರಲಿ, ಬಾಗಿಲನ್ನು ಮೂರು ಸಲ ತಾವೇ ಹಾಕಿ, ತೆಗೆದು, “ಭಾರೀ ಮಾಡೀರಿ ಬಿಡ್ರಿ ಯಜಮಾನ್ರ” ಎಂದು ಬೆನ್ನು ತಟ್ಟಿ ಕಳಿಸಿದರು. ಹಿಂದೆ ನಿಂತಿದ್ದ ಗಾಡಿಗಳವರು ಹಾರ್ನು ಹೊಡೆಯುವುದನ್ನು ಬಿಟ್ಟು ಇಳಿದು ನೋಡುತ್ತಿದ್ದರು.

ಈ ವರ್ಷ ಮಳೆಗಾಲದ ಆರಂಭದಲ್ಲಿ ನಾನು ತಿಕೋಟಾಕ್ಕೆ ಹೋಗಿದ್ದೆ. ಅತ್ತೆ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತು ದೊಡ್ಡ ದನಿಯಲ್ಲಿ ಅಂಕಿ ಎಣಿಸುತ್ತಿದ್ದಳು. ಅಂಗಳದಲ್ಲಿ ಮಾವ ಬಾಗಿಲು ತೆಗೆದು ಕೆಳಗಿಡುತ್ತಿದ್ದ, ಎತ್ತಿ ಹಾಕುತ್ತಿದ್ದ.

“ಒಂಬತ್ತ, ಹತ್ತ, ಹನ್ನೊಂದು! ಇವತ್ತ ತಡಾ ಆತ್ರಿ.”

“ಹಾಕೂದಕ್ಕ ಎಂಟ ಆಗಬೇಕು. ಎಂಟ ದಾಟಬಾರ್ದು” ಎಂದು ಮಾವ ಬೆವರು ಒರೆಸಿಕೊಂಡ. ಅವನು ಕುಂಟುತ್ತಿದ್ದ. ಮೊಣಕಾಲ ಕೆಳಗೆ ದೊಡ್ಡ ಗಾಯ ಒಣಗಿ ಕಪ್ಪಾಗಿತ್ತು.

“ಏನಾತ ಮಾವಾ ಕಾಲಿಗೆ?”

“ಬಾಗಲಾ ಬಿತ್ತು.”

ಅತ್ತೆ ಜೋಳದ ಮೊರಕ್ಕೆ ಮುಖ ಬಗ್ಗಿಸಿಕೊಂಡಳು.

“ಅಲ್ಲ ಮಾವಾ, ಎಂಟ ಆದ್ರೇನು, ಎಂಬತ್ತ ಆದ್ರೇನು? ಯಾವ ರೈಲ ತಪ್ಪತೈತಿ?”

“ಮಂದಿಗೆ ಕುತ್ತಿಗಿ ತಿರುವಾಕ ಹತ್ತ ಬೇಕಾಗ್ತೈತಿ ಅಳಿಯಾ. ನಾ ಓಣ್ಯಾಗ ನಿಂತ ಎಣಸೇನಿ. ಅದಕ್ಕ ಎಂಟರಾಗ ಮುಗೀಬೇಕು.”

ಇದೆಂಥ ಉತ್ತರ? ಇದು ಹುಚ್ಚಲ್ಲದೆ ಮತ್ತೇನು? ನನಗೆ ಅಂದು ನಗು ಬರಲಿಲ್ಲ. ಎರಡು ವರ್ಷದಿಂದ ಕಟ್ಟಿಟ್ಟುಕೊಂಡಿದ್ದ ಸಿಟ್ಟು ಬಾಯಿಗೆ ಬಂತು. “ನಿಮ್ಮಕ್ಕ ಎರಡ ವರ್ಷ ಆತು ತವರ ಬಾಗಲಾ ಕಂಡಿಲ್ಲ. ಗೆಳತ್ಯಾರ ಫೋನ್ ಬಂದ್ರ ಎತ್ತಂಗಿಲ್ಲ. ನೀ ಇಲ್ಲಿ ಜೀಪಿನ ಬಾಗಲಾ ಆಡಸ್ಕೋತ ಕುಂತಿ!”

ಮಾವ ನನ್ನನ್ನು ನೋಡಲಿಲ್ಲ. ಪಿನ್ನಿಗೆ ಗ್ರೀಸು ಹಚ್ಚುತ್ತ, “ಹೌದಪಾ” ಎಂದ, ಅಷ್ಟೇ. ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಮಾವ ಕೈ ಸನ್ನೆ ಮಾಡಿದ, ಅವಳು ಮತ್ತೆ ಜೋಳಕ್ಕೆ ಕೈ ಹಾಕಿದಳು.

ಪಂಚಮಿಗೆ ನಾಲ್ಕು ದಿನವಿರುವಾಗ ಅವ್ವ ತಾನಾಗಿಯೇ ತಮ್ಮನಿಗೆ ಫೋನು ಹಚ್ಚಲು ಹೇಳಿದಳು. ಹಚ್ಚಿ ಕೊಟ್ಟೆ. ಕುಶಲ ಗಿಶಲ ಏನಿಲ್ಲ.

“ತಮ್ಮಾ, ಈ ಸಲ ಕರಿಯಾಕ ಬರಬ್ಯಾಡ. ನೀ ಬರೂದು, ನನ್ನ ಎದುರ ಕುಂದ್ರೂದು, ಸಣ್ಣ ಮಾರಿ ಮಾಡ್ಕೊಂಡ ಹೋಗೂದು. ನನಗ ನೋಡಾಕಾಗಂಗಿಲ್ಲ. ಬಂದೀ ಅಂದ್ರ ನಾ ಬಾಗಲಾ ತಗಿಯಂಗಿಲ್ಲ, ನೋಡ ಮತ್ತ!”



“ಆತ ಬಿಡ ಅಕ್ಕಾ. ನೀ ತಗೀಬ್ಯಾಡ” ಎಂದ ಮಾವ. ಫೋನು ಇಟ್ಟ.

ಅವ್ವ ಹಾಗೆ ಹೇಳಿದಳೇ ಹೊರತು, ಅವನು ಅಷ್ಟು ಸುಲಭಕ್ಕೆ ಒಪ್ಪಿಕೊಂಡದ್ದು ಅವಳಿಗೆ ಸಹಿಸಲಾಗಲಿಲ್ಲ. ನಾಲ್ಕು ದಿನವೂ ಸಾರಿಗೆ ಉಪ್ಪು ಹೆಚ್ಚಾಗಿದೆ, ಕಡಿಮೆಯಾಗಿದೆ ಎಂದು ನಮ್ಮ ಮೇಲೆ ಹಾಯ್ದಳು.

ಪಂಚಮಿಯ ದಿನ ಬೆಳಿಗ್ಗೆ ಓಣಿಯ ತಿರುವಿನಲ್ಲಿ ಆ ಕೆಮ್ಮು ಕೇಳಿತು. ಅವ್ವನ ಕಿವಿ ನಿಮಿರಿತು. ಆದರೂ ಹಟ! “ಯಾರೂ ಬಾಗಲಾ ತಗಿಯೂ ಹಂಗಿಲ್ಲ” ಎಂದು ಅಗಳಿ ಹಾಕಿಸಿ, ವಾಕರ್ ಹಿಡಿದು ಪಡಸಾಲೆಯ ನಡುವೆ ನಿಂತಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಹಬ್ಬವಲ್ಲವೇ, ಅದಕ್ಕೆ ಅಂತೆ.

ಜೀಪು ನಮ್ಮ ಹೊಸ್ತಿಲಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು.

“ಅಕ್ಕಾ!”

ಅವ್ವ ಅಗಳಿ ಸರಿಯಾಗಿ ಬಿದ್ದಿದೆಯೇ ಎಂದು ಮತ್ತೊಮ್ಮೆ ನೋಡಿದಳು.

“ಅಕ್ಕಾ, ನೀ ಬಾಗಲಾ ತಗೀಬ್ಯಾಡ. ನಾನ ತಗೀತೇನಿ.”

ಹೊರಗಿನಿಂದ ಸದ್ದು ಬಂತು: ಟಕ್, ಹುಪ್ಪಾ!

ಅವ್ವ ಬೆಚ್ಚಿಬಿದ್ದಳು. “ಅಯ್ಯ ಶಿವನ! ಮನೀ ಬಾಗಲಾ ಕಿತ್ತಾಕತ್ತಾನಲೋ! ತಗಿಯೋ, ಲಗೂ ತಗಿಯೋ, ಸಾಗವಾನಿ ಬಾಗಲಾ ಐತಿ ಅದು!”

ನಾನು ಅಗಳಿ ತೆಗೆದೆ. ಮನೆಯ ಬಾಗಿಲು ಸುರಕ್ಷಿತವಾಗಿತ್ತು. ಮಾವ ಜೀಪಿನ ಬಾಗಿಲು ಹಿಡಿದುಕೊಂಡು ನಿಂತಿದ್ದ. ಅವನ ಹಿಂದೆ ಜೀಪಿನ ಮಗ್ಗುಲು ಪೂರ್ತಿ ಖಾಲಿ, ಕಾಲು ಚಾಚಿ ಮಲಗಬಹುದಾದಷ್ಟು ದಾರಿ. ಸೀಟು ಎರಡು ಗೇಣು ಹಿಂದಕ್ಕೆ ಸರಿದಿತ್ತು, ಮೇಲೆ ಅತ್ತೆ ಹೊಲಿದ ಕೌದಿ ಹಾಸಿತ್ತು. ಕೆಳಗೆ ಅಗಲವಾದ ಎರಡು ಮೆಟ್ಟಿಲ ಹಲಗೆ. ಹಿಡಿದುಕೊಳ್ಳಲು ಗಾಜಿನ ಚೌಕಟ್ಟಿಗೆ ಬೆಸುಗೆ ಹಾಕಿದ ಹಿಡಿಕೆ, ಅದಕ್ಕೂ ಬಟ್ಟೆ ಸುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ.

ಅವ್ವ ನೋಡುತ್ತಲೇ ನಿಂತಳು.

ಅತ್ತೆಗೆ ಇನ್ನು ತಡೆಯಲಾಗಲಿಲ್ಲ. “ಅಕ್ಕಾರ, ಇವ್ರು ಆರ ತಿಂಗಳ ಒಂದ ಕಾಲಿಗೆ ಹಲಗಿ ಕಟಗೊಂಡ ಈ ಗಾಡಿ ಹತ್ಯಾರ, ಇಳದಾರ, ಬಿದ್ದಾರ. ಮಣಕಾಲ ಮಡಚಿದ್ರ ಹೇಳು ಅಂತ ನನ್ನ ಕಾವಲಿಗೆ ಕುಂದರ್ಸಿದ್ರು. ಎಲ್ಲಿ ತಾಕ್ತೈತಿ, ಎಲ್ಲಿ ನೋಯ್ತೈತಿ ಅಂತ ಎಲ್ಲಾ ಬರದ ಇಟ್ಟಾರ.”

ಮಾವನ ಕಾಲಿನ ಕಪ್ಪು ಗಾಯ ನನ್ನ ಕಣ್ಣಿಗೆ ಕಟ್ಟಿತು. ‘ಬಾಗಲಾ ಬಿತ್ತು’ ಎಂದಿದ್ದ ಅವನು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

“ನೀ ಸುಮ್ನಿರ” ಎಂದು ಮಾವ ಅತ್ತೆಯನ್ನು ಗದರಿ, ಅಕ್ಕನಿಗೆ ಮೆಲ್ಲಗೆ ಹೇಳಿದ: “ಮಂದಿ ಕುತ್ತಿಗಿ ತಿರುವೂದರಾಗ ಆಗ್ತೈತಿ ಅಕ್ಕಾ. ಯಾರೂ ಕೂಡಂಗಿಲ್ಲ. ಬಾ.”

ಆ ಎಂಟರ ಲೆಕ್ಕ ನನಗೆ ತಿಳಿದದ್ದು ಆಗ! ಅಕ್ಕನನ್ನು ಗಾಡಿ ಹತ್ತಿಸುವುದಷ್ಟೇ ಆಗಿದ್ದರೆ ಮಾವನಿಗೆ ಎಂಬತ್ತು ಎಣಿಸಿದರೂ ನಡೆಯುತ್ತಿತ್ತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಹೊತ್ತು ಮತ್ತೆ ಬರಬಾರದು, ಅದಕ್ಕೇ ಎಂಟು.

ಅವ್ವ ಬೆನ್ನು ಮಾಡಿ ಮೆಟ್ಟಿಲು ಹತ್ತಿದಳು. ಹಿಡಿಕೆ ಹಿಡಿದಳು, ಕೂತಳು. ಮಡಚದ ಕಾಲು ಬಾಗಿಲಿಲ್ಲದ ಜಾಗದಲ್ಲಿ ಅರ್ಧ ಸುತ್ತು ಹಾಕಿ, ಎಲ್ಲಿಯೂ ತಾಕದೆ ಒಳಗೆ ಹೋಯಿತು. ಅತ್ತೆ ಎಣಿಸಲು ಶುರುಮಾಡಿದಳು. ಒಂದ, ಎರಡ… ಏಳಕ್ಕೆ ಬಾಗಿಲು ತನ್ನ ಜಾಗದಲ್ಲಿತ್ತು, ಎಂಟಕ್ಕೆ ಕೊಂಡಿ ಬಿತ್ತು.

ಎದುರು ಮನೆಯ ಕದ ಕಿರ್ರೆಂದಿತು. “ಏನ್ ನಡದೈತ್ರಿ?” ಎಂದು ಪಕ್ಕದವರೂ ಇಣುಕಿದರು. ನೋಡಲು ಏನೂ ಉಳಿದಿರಲಿಲ್ಲ. ಇಳಕಲ್ ಸೀರೆಯ ಹೆಣ್ಣುಮಗಳೊಬ್ಬಳು ಜೀಪಿನಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ಕೂತಿದ್ದಳು, ಅಷ್ಟೇ.

“ಏನಿಲ್ರಿ!” ಎಂದಳು ಅವ್ವ, ಗೋಳಗುಮ್ಮಟದ ಮೇಲಿದ್ದವರಿಗೂ ಕೇಳುವಂತೆ. “ತಮ್ಮ ಕರಿಯಾಕ ಬಂದಾನ. ತವರಿಗೆ ಹೊಂಟೇನಿ!”

ನಾನು ಹಿಂದೆ ಅತ್ತೆಯ ಪಕ್ಕ ಹತ್ತಿಕೊಂಡೆ. ಅಂದು ಜೀಪು ಡಾಂಬರಿನ ಮೇಲೂ ಕೆಮ್ಮಲಿಲ್ಲ.

ತಿಕೋಟಾದಲ್ಲಿ ಬೇವಿನ ಮರದ ಕೆಳಗೆ ಗೆಳತಿಯರು ಆಗಲೇ ಸೇರಿದ್ದರು. ಜೋಕಾಲಿಯ ಮೇಲಿದ್ದವಳು ಕಾಲೂರಿ ನಿಲ್ಲಿಸಿ ನಮ್ಮ ಕಡೆ ನೋಡಿದಳು. ಮಾವ ಇಳಿದು ಬಂದು ಅವ್ವನ ಮಗ್ಗುಲಿಗೆ ನಿಂತ. ನಮ್ಮ ಮನೆಯವರ್ಯಾರೂ ಅವನೆದುರು ಆಡದ ಮಾತನ್ನು ಅವ್ವ ಆಗ ಬೇಕೆಂದೇ ಆಡಿದಳು.

“ತಮ್ಮಾ, ಬಾಗಲಾ ತಗಿ.”

ಅತ್ತೆ ಅಭ್ಯಾಸಬಲದಿಂದ ಎಣಿಸತೊಡಗಿದಳು. ಐದಾಯಿತು, ಆರಾಯಿತು, ಎಂಟೂ ಆಯಿತು. ಬಾಗಿಲು ಬರಲಿಲ್ಲ. ತುಕ್ಕು ಹಿಡಿದಿರಲಿಲ್ಲ, ಗ್ರೀಸೂ ಕಡಿಮೆಯಾಗಿರಲಿಲ್ಲ. ಪೊಲೀಸರ ಎದುರೂ ತಡವರಿಸದ ಮಾವನ ಕೈ ಕೊಂಡಿಯನ್ನು ಹುಡುಕುತ್ತಿತ್ತು. ಕಣ್ಣು ತುಂಬಿ ಅವನಿಗೆ ಕೊಂಡಿಯೇ ಕಾಣುತ್ತಿರಲಿಲ್ಲ. ತೋಳಿನಿಂದ ಕಣ್ಣು ಒರೆಸಿಕೊಂಡು ಮತ್ತೆ ತಡಕಿದ. ಅತ್ತೆ ಎಣಿಸುವುದನ್ನು ನಿಲ್ಲಿಸಿದಳು.

ಅವ್ವ ಅವನ ತಲೆಯ ಮೇಲೆ ಕೈಯಿಟ್ಟಳು.

“ಸಾವಕಾಶ ತಗಿಯಪಾ” ಎಂದಳು. “ನನಗೇನ ಗಡಿಬಿಡಿ ಇಲ್ಲ.”